ಕಡಿಯದ ಮಾತು

ಅಖಂಡದ ಮುಖದ ಮೇಲೆ ಮೊದಲು ಒಂದು ಹಳದಿ ದೀಪ ಇತ್ತು. ಅದನ್ನು ಕೀಳಿಸಿ ಹಾಕಿದವನು ಸುಬೇದಾರ್ ದುಂಡಪ್ಪ. ಈ ಕಥೆಯಲ್ಲಿ ಮುಂದೆ ಯಾರನ್ನಾದರೂ ಬೈಯಬೇಕು ಅನಿಸಿದರೆ, ಬೈಯುವ ಮೊದಲು ಈ ಮಾತು ನೆನಪಿರಲಿ.

ಅಖಂಡ ಎಂದರೆ ಸೈನ್ಯಕ್ಕಾಗಿ ಮಾಡಿದ ಹೊಸ ವೈರ್‌ಲೆಸ್ ವ್ಯವಸ್ಥೆ. ಹಳೆಯ ಸೆಟ್ಟುಗಳಲ್ಲಿ ಗುಡ್ಡದ ಆಚೆಯಿಂದ ಹತ್ತು ಶಬ್ದ ಹೇಳಿದರೆ ಆರು ಕೇಳುತ್ತಿದ್ದವು. ಉಳಿದ ನಾಲ್ಕನ್ನು ಗಾಳಿ ತಿನ್ನುತ್ತಿತ್ತು, ಇಲ್ಲವೇ ಶತ್ರು ಬಿಡುವ ಗದ್ದಲದ ಅಲೆ ತಿನ್ನುತ್ತಿತ್ತು. ಕಿವಿಗೆ ಸೆಟ್ಟು ಹಚ್ಚಿಕೊಂಡು ಕೂತವನು ಆ ನಾಲ್ಕನ್ನು ಊಹಿಸಬೇಕಿತ್ತು. ಅಖಂಡ ಆ ಊಹೆಯ ಕೆಲಸವನ್ನು ತಾನೇ ವಹಿಸಿಕೊಂಡಿತು. ಗಸ್ತಿಗೆ ಹೋಗುವ ಪ್ರತಿಯೊಬ್ಬ ಆಪರೇಟರ್ ಮೊದಲೇ ನಲವತ್ತು ಗಂಟೆ ಅದರ ಮುಂದೆ ಕೂತು ಮಾತಾಡಬೇಕು. ಅವನ ದನಿ, ಅವನು ಉಸಿರು ಎಳೆಯುವ ರೀತಿ, ಯಾವ ಮಾತಿನ ಹಿಂದೆ ಯಾವ ಮಾತು ಆಡುತ್ತಾನೆ ಎನ್ನುವುದು, ಎಲ್ಲವನ್ನೂ ಅದು ಕಲಿತುಕೊಳ್ಳುತ್ತಿತ್ತು. ಆಮೇಲೆ ದಾರಿಯಲ್ಲಿ ಕಳೆದುಹೋದ ಶಬ್ದವನ್ನು ಅವನದೇ ದನಿಯಲ್ಲಿ ತುಂಬಿಕೊಡುತ್ತಿತ್ತು. ಗಾಳಿಯ ಸದ್ದು, ಗುಂಡಿನ ಸದ್ದು, ಕಲ್ಲು ಉರುಳಿದ ಸದ್ದು, ಇಂಥ ಕಸವನ್ನೆಲ್ಲ ಸೋಸಿ ಹೊರಗೆ ಹಾಕುತ್ತಿತ್ತು. ಕೇಳುವವನ ಕಿವಿಗೆ ಬರುತ್ತಿದ್ದುದು ಪಕ್ಕದಲ್ಲಿ ಕೂತು ಆಡಿದಂಥ ತಿಳಿ ಮಾತು.

ಹೀಗೆ ತುಂಬುತ್ತಿರುವಾಗ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ಈಗ ಕೇಳುತ್ತಿರುವುದು ಮನುಷ್ಯ ಆಡಿದ್ದಲ್ಲ, ಯಂತ್ರ ತುಂಬಿದ್ದು ಎಂದು ಅದರ ಅರ್ಥ. ಹಿಂದಿನ ವರ್ಷದ ಮೊದಲ ಪರೀಕ್ಷೆಯಲ್ಲಿ ಗುಡ್ಡಗಾಡಿನ ನಡುವೆ ಆ ದೀಪ ಮದುವೆ ಮನೆಯ ಸರದೀಪದಂತೆ ಮಿಣಿಮಿಣಿ ಎಂದು ಕುಣಿಯಿತು. ಎರಡು ದಿನ ಸಹಿಸಿದ ದುಂಡಪ್ಪ ಮೂರನೆಯ ದಿನ ಸಿಟ್ಟಿಗೆದ್ದ. ಬಳಕೆದಾರರ ಅಭಿಪ್ರಾಯ ಎಂಬ ಫಾರಂನಲ್ಲಿ ದಪ್ಪ ಅಕ್ಷರದಲ್ಲಿ ಬರೆದ: ‘ಈ ದೀಪ ಕಣ್ಣಿಗೆ ಕಿರಿಕಿರಿ. ಆಪರೇಟರನ ಗಮನ ಕೆಡಿಸುತ್ತದೆ. ತೆಗೆಯಿರಿ.’ ಕೆಳಗೆ ಸಹಿ ಹಾಕಿದ. ಎರಡನೆಯ ಪರೀಕ್ಷೆಗೆ ಸೆಟ್ಟು ಬಂದಾಗ ದೀಪದ ಜಾಗದಲ್ಲಿ ಒಂದು ರಬ್ಬರ್ ಬಿರಡೆ ಇತ್ತು. ತನ್ನ ಮಾತಿಗೆ ಬೆಲೆ ಸಿಕ್ಕಿತು ಎಂದು ದುಂಡಪ್ಪ ಅವತ್ತು ಎದೆ ಉಬ್ಬಿಸಿ ಓಡಾಡಿದ್ದ.

ಅವನ ಸಹಿಗೆ ನಿಜವಾಗಿಯೂ ಬೆಲೆ ಇತ್ತು. ಬಳಕೆದಾರರ ಪರವಾಗಿ ಬಂದ ಇಪ್ಪತ್ತಾರು ವರ್ಷ ಸೇವೆಯ ಸಿಗ್ನಲ್ ಸುಬೇದಾರ ‘ಸ್ವೀಕೃತ’ ಎಂದು ಬರೆದು ಸಹಿ ಮಾಡಿದರೆ ಅಖಂಡ ಗಡಿಯ ಎಂಟುನೂರು ಠಾಣ್ಯಗಳಿಗೆ ಹೋಗುತ್ತಿತ್ತು. ಮಾಡದಿದ್ದರೆ ಇಲ್ಲ.

ಇದು ಕರೇಗುಡ್ಡದ ಪರೀಕ್ಷಾ ಬಯಲು. ಹತ್ತು ಮೈಲಿ ಉದ್ದಕ್ಕೂ ಕೆಂಪು ಕಲ್ಲಿನ ಗುಡ್ಡ, ಕುರುಚಲು ಜಾಲಿ, ಕೈಬಿಟ್ಟ ಒಂದು ಹಳೆಯ ಕಲ್ಲುಗಣಿ. ಬಯಲಿನ ಈಚೆ ಒಂದು ತಗಡಿನ ಶೆಡ್ಡು. ಅದೇ ನಿಯಂತ್ರಣ ಕೋಣೆ. ಅದು ಕೊನೆಯ ಪರೀಕ್ಷೆಯ ಮೂರನೆಯ ದಿನ. ಬೆಳಿಗ್ಗೆ ಒಂಬತ್ತಕ್ಕೆ ಮೂವರ ಗಸ್ತು ಹೊರಟು ನಿಂತಿತ್ತು. ಸೆಟ್ಟು ಹೊತ್ತವನು ನಾಯಕ್ ಶಿವಪುತ್ರ. ಅವನು ದುಂಡಪ್ಪನ ಅಳಿಯ. ಮಗಳು ದಾನೇಶ್ವರಿಗೆ ದಿನ ತುಂಬಿದ್ದವು. ಗಡಿಯಲ್ಲಿ ಇರುವುದಕ್ಕಿಂತ ಊರಿಗೆ ಮೂರು ತಾಸಿನ ದಾರಿಯಲ್ಲಿ ಇರಲಿ ಎಂದು ಹೇಳಿಸಿ ಕೇಳಿಸಿ ಅವನನ್ನು ಈ ಪರೀಕ್ಷೆಗೆ ಹಾಕಿಸಿಕೊಂಡವನೂ ದುಂಡಪ್ಪನೇ.

"ಮಾವಾರ, ಇವತ್ತರ ನಿಮ್ಮ ಡಬ್ಬಿ ನಾ ಹೇಳಿದ್ದ ಹೇಳತೈತೋ, ತನ್ನ ಪುರಾಣಾ ಹಚ್ಚತೈತೋ?" ಶಿವಪುತ್ರ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಕೇಳಿದ.

"ಇಲ್ಲಿ ಮಾವಾರ ಅನಬ್ಯಾಡ ಅಂತ ಎಷ್ಟ ಸಲ ಹೇಳ್ಬೇಕೋ ನಿನಗ? ಸಾಹೇಬ."

"ಆತ್ರಿ ಸಾಹೇಬ್ರ. ನಿಮ್ಮ ಮಗಳ ಕಡಿಂದ ಫೋನ್ ಬಂದ್ರ ಸೆಟ್ಟಿನ್ಯಾಗ ಹೇಳ್ರಿ ಮತ್ತ. ನಿಯಮಾ ಗಿಯಮಾ ಅನ್ನಬ್ಯಾಡ್ರಿ."

"ನಲವತ್ತ ತಾಸು ಅದರ ಮುಂದ ಕುಂತು ಬರೇ ಹೇಣ್ತಿ ಸುದ್ದೀನ ಹೇಳೀ ಅಂತಲ್ಲ. ವಿಜ್ಞಾನಿಗಳು ಬಿದ್ದ ಬಿದ್ದ ನಕ್ಕಾರ."

"ಮಾತಾಡು ಅಂದ್ರು, ಆಡಿದ್ನಿ. ಹತ್ತ ತಾಸಿನ ಮ್ಯಾಲ ಹೇಳಾಕ ಏನ ಉಳೀತೈತ್ರಿ? ಕಡೀಕ ನಮ್ಮ ಎಮ್ಮಿ ಹಾಲ ಎಷ್ಟ ಕೊಡತೈತಿ ಅನ್ನೂದನೂ ಹೇಳೀನಿ. ಯುದ್ಧದಾಗ ಉಪಯೋಗ ಆಕ್ಕೈತಿ." ಹಿಂದೆ ನಿಂತಿದ್ದ ಇಬ್ಬರು ಜವಾನರು, ಭೀಮಸಿ ಮತ್ತು ತಿರುಮಲೇಶ, ಕಿಸಕ್ಕೆಂದು ನಕ್ಕರು. ದುಂಡಪ್ಪ ಹುಬ್ಬು ಗಂಟಿಕ್ಕಿದ. ಮೂವರೂ ಜಾಲಿಗಿಡಗಳ ನಡುವೆ ಇಳಿದು ಹೋದರು.

ಸೈನ್ಯದಲ್ಲಿ ಅರ್ಧ ಗಂಟೆಗೊಮ್ಮೆ ವರದಿ ಕೊಡುವ ಪದ್ಧತಿ ಇದೆ. ವರದಿ ಎಂದರೆ ಎರಡೇ ಶಬ್ದ, ಸಬ್ ಠೀಕ್. ಎಲ್ಲ ಸರಿ ಇದೆ ಎಂದು ಅರ್ಥ. ಬಿಸಿಲಲ್ಲಿ ತಲೆ ಸುತ್ತಿದರೂ ಸಬ್ ಠೀಕ್, ಬೂಟಿನೊಳಗೆ ರಕ್ತ ಒಸರಿದರೂ ಸಬ್ ಠೀಕ್. ಅದನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಕಿವಿ ನಿಗುರುವುದು ಆ ಎರಡು ಶಬ್ದ ಬಾರದೆ ಇದ್ದಾಗ. ಹತ್ತು ನಿಮಿಷ ತಡವಾದರೆ ಕರೆಯಬೇಕು. ಕರೆದರೂ ದನಿ ಬಾರದಿದ್ದರೆ ಹುಡುಕುವ ತಂಡ ಹೊರಡಬೇಕು. ದುಂಡಪ್ಪ ಇಪ್ಪತ್ತಾರು ವರ್ಷ ಕಲಿತಿದ್ದು, ಕಲಿಸಿದ್ದು ಇದನ್ನೇ.

ಹನ್ನೊಂದಕ್ಕೆ ಶಿವಪುತ್ರನ ವರದಿ ಬಂತು. ಗಸ್ತು ಕಲ್ಲುಗಣಿಯ ಅಂಚಿಗೆ ತಲುಪಿತ್ತು. ವೈರ್‌ಲೆಸ್‌ಗೆ ಅತಿ ಕಷ್ಟದ ಜಾಗ ಎಂದೇ ಅದನ್ನು ಪರೀಕ್ಷೆಗೆ ಆರಿಸಿದ್ದರು. ಹನ್ನೊಂದೂವರೆಗೂ ವರದಿ ಬಂತು. ಹನ್ನೆರಡಕ್ಕೂ ಬಂತು. ಪರದೆಯ ನಕ್ಷೆಯ ಮೇಲೆ ಹಸಿರು ಚುಕ್ಕೆ ಗಣಿ ದಾಟಿ, ನಿಗದಿ ಮಾಡಿದ ದಾರಿಯಲ್ಲಿ ನಿಧಾನಕ್ಕೆ ಸರಿಯುತ್ತಿತ್ತು.

"ಗಣಿ ಒಳಗಿಂದಾನೂ ಒಂದು ಅಕ್ಷರ ಬಿಟ್ಟುಹೋಗಿಲ್ಲ ನೋಡಿ ಸರ್," ಎಂದರು ಡಾಕ್ಟರ್ ರೇಣುಕಾರಾಧ್ಯ. ಅಖಂಡ ಮಾಡಿದ ವಿಜ್ಞಾನಿಗಳ ಮುಖ್ಯಸ್ಥರು ಅವರು, ತುಮಕೂರು ಕಡೆಯವರು. ಒಂಬತ್ತು ವರ್ಷ ಇದಕ್ಕೇ ತೆತ್ತು ತಲೆ ಬೆಳ್ಳಗೆ ಮಾಡಿಕೊಂಡವರು. "ನೂರಕ್ಕೆ ನೂರು ಬರುತ್ತೆ ಈ ಸಲ."

"ನಮ್ಮ ಅಳಿಯಾ ಇಷ್ಟ ಶುದ್ಧ ಎಂದೂ ಮಾತಾಡಿಲ್ರಿ," ಎಂದ ದುಂಡಪ್ಪ. ಕೋಣೆಯಲ್ಲಿ ಇದ್ದವರೆಲ್ಲ ನಕ್ಕರು.

ಹನ್ನೆರಡೂ ಐವತ್ತಕ್ಕೆ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಊರಿನ ಆಸ್ಪತ್ರೆಯಿಂದ ಹೆಂಡತಿ ಕಸ್ತೂರವ್ವ. "ಕೇಳಿದ್ರ್ಯಾ? ದಾನಿ ಹಡದಾಳ. ಹೆಣ್ಣ ಕೂಸು. ಇಬ್ಬರೂ ಆರಾಮ ಅದಾರ."

ದುಂಡಪ್ಪ ಫೋನು ಹಿಡಿದೇ ಎದ್ದು ನಿಂತ. ನಿಯಮ ಮುರಿದವರನ್ನು ಬಿಸಿಲಲ್ಲಿ ನಿಲ್ಲಿಸಿದ ಆ ಮನುಷ್ಯ ಅವತ್ತು ತಾನೇ ನಿಯಮ ಮುರಿದು ಸೆಟ್ಟು ಎತ್ತಿಕೊಂಡ. "ಶಿವಪುತ್ರ! ಲೇ, ನೀ ಅಪ್ಪ ಆದಿ! ಹೆಣ್ಣ ಕೂಸು!"

ಒಂದು ಕ್ಷಣ ಏನೂ ಕೇಳಲಿಲ್ಲ. ಪಾಪ, ಗಂಟಲು ಕಟ್ಟಿರಬೇಕು ಅಂದುಕೊಂಡ ದುಂಡಪ್ಪ. ಆಮೇಲೆ ನಗು ಕೇಳಿತು, ಶಿವಪುತ್ರನದೇ ನಗು, ಮೊದಲು ಮೂಗಿನಲ್ಲಿ ಶುರುವಾಗಿ ಆಮೇಲೆ ಬಾಯಿಗೆ ಬರುವಂಥದ್ದು. "ಖರೇನ ಸಾಹೇಬ್ರ? ಆಕಿ ಆರಾಮ ಅದಾಳಿಲ್ರಿ?"

"ನೀನ ಕೇಳು." ದುಂಡಪ್ಪ ಫೋನಿನ ಬಾಯನ್ನು ಸೆಟ್ಟಿನ ಕಿವಿಗೂ, ಸೆಟ್ಟಿನ ಬಾಯನ್ನು ಫೋನಿನ ಕಿವಿಗೂ ಒತ್ತಿ ಎರಡನ್ನೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತ. ಕೋಣೆಯಲ್ಲಿದ್ದ ಉಳಿದ ಆರು ಜನವೂ ಕೆಲಸ ಬಿಟ್ಟು ಸುತ್ತ ನೆರೆದರು.

"ಕೇಳಾಕತ್ತೈತೇನ್ರಿ?" ದಾನೇಶ್ವರಿಯ ದನಿ ದಣಿದಿತ್ತು.

"ಕೇಳಾಕತ್ತೈತಿ. ಹೇಳು, ಹ್ಯಾಂಗ ಅದಿ?"

"ನಾ ಆರಾಮ ಅದೀನ್ರಿ. ಕೂಸಿನ ಮೂಗ ನಿಮ್ಮದ ಬಂದೈತಿ. ಪಾಪ, ಅದರ ಹಣೇಬರಹ." ಅವಳು ನಕ್ಕಳು. "ತಡೀರಿ, ಅಳಾಕತ್ತಾಳ. ಕಿವಿ ಕೊಡ್ರಿ ಇಲ್ಲೆ." ಕೂಸಿನ ಅಳು ಶೆಡ್ಡಿನ ತುಂಬ ಹರಡಿತು. ಒಬ್ಬ ಹವಾಲ್ದಾರ ಕಣ್ಣು ಒರೆಸಿಕೊಂಡ. "ಕೇಳಿದ್ರ್ಯಾ? ಹೆಸರ ಏನ ಇಡೂಣ್ರಿ?"

"ಮನಿಗಿ ಮಹಾಲಕ್ಷ್ಮಿ ಬಂದಾಳ. ಅದನ ಇಡು, ಮಹಾಲಕ್ಷ್ಮಿ."

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಆ ಸದ್ದಿನಲ್ಲಿ, ಫೋನಿನ ಆ ಕಡೆ ಮಗಳು ಸ್ವಲ್ಪ ಹೊತ್ತು ಸುಮ್ಮನಾದದ್ದು ಯಾರ ಗಮನಕ್ಕೂ ಬರಲಿಲ್ಲ. "ಆತ್ರಿ," ಅಂದಳು. "ಲಗೂನ ಬರ್ರಿ."

ರೇಣುಕಾರಾಧ್ಯರು ಬಿಸ್ಕತ್ತಿನ ಪೊಟ್ಟಣ ಒಡೆದು ಎಲ್ಲರಿಗೂ ಹಂಚಿದರು. ಒಂದೂವರೆಗೆ ಸಬ್ ಠೀಕ್. ಎರಡಕ್ಕೆ ಸಬ್ ಠೀಕ್. ಎರಡೂವರೆಗೆ, ಮೂರಕ್ಕೆ ಸಬ್ ಠೀಕ್.

ಮೂರೂವರೆಗೆ ಹಸಿರು ಚುಕ್ಕೆ ಬಯಲಿನ ಗೇಟಿಗೆ ಬಂದು ನಿಂತಿತು. "ತುಕಡಿ ಗೇಟಿಗೆ ಬಂದೈತ್ರಿ ಸಾಹೇಬ್ರ," ಎಂದಿತು ಸೆಟ್ಟು. ಅಳಿಯನಿಗೆ ಊರಿಗೆ ಹೋಗಲು ಜೀಪು ಸಿದ್ಧಮಾಡಿಸಿದ್ದ ದುಂಡಪ್ಪ ಗೇಟಿನ ಕಾವಲಿನವನಿಗೆ ಫೋನು ಹಚ್ಚಿದ. "ಶಿವಪುತ್ರನ ಒಳಗ ಕಳಸಬ್ಯಾಡ. ಅಲ್ಲೇ ನಿಂದ್ರಸು, ಜೀಪ ಬರತೈತಿ."

"ಯಾರನ್ನ ಸರ್?" ಎಂದ ಕಾವಲಿನವನು. "ಇಲ್ಲಿ ಯಾರೂ ಬಂದಿಲ್ವಲ್ಲ."

"ಕುಡದೀ ಏನ್ಲೇ? ಮೂರು ಮಂದಿ ನಿನ್ನ ಮುಂದ ನಿಂತಾರ."

"ಇಲ್ಲ ಸರ್. ದಾರಿ ಖಾಲಿ ಇದೆ. ಎರಡು ಕುರಿ ಬಿಟ್ರೆ ಏನೂ ಇಲ್ಲ."

ದುಂಡಪ್ಪ ಸೆಟ್ಟು ಎತ್ತಿದ. "ಶಿವಪುತ್ರ, ಎಲ್ಲಿ ಅದಿ?"

"ಗೇಟಿನ ಮುಂದ ನಿಂತೀವ್ರಿ ಸಾಹೇಬ್ರ."

"ಕಾವಲಿನವ ಕಾಣಸ್ತಾನೇನು?"

"ಕಾಣಸ್ತಾನ್ರಿ. ಬಿಸಲ ಭಾಳ ಐತಿ. ಒಂದೀಟ ನೀರ ಕೊಡಾಕ ಹೇಳ್ರಿ ಅವಗ."

ಒಂದು ಕಿವಿಯಲ್ಲಿ ನೀರು ಕೇಳುತ್ತಿರುವ ಅಳಿಯ. ಇನ್ನೊಂದು ಕಿವಿಯಲ್ಲಿ ಯಾರೂ ಇಲ್ಲ ಸರ್, ಆಣೆ ಮಾಡಿ ಹೇಳ್ತೀನಿ ಅನ್ನುವ ಕಾವಲಿನವನು. ದುಂಡಪ್ಪ ಎರಡನ್ನೂ ಕಿವಿಯಿಂದ ಇಳಿಸಿದ. ಅವನು ರೇಣುಕಾರಾಧ್ಯರ ಮುಖ ನೋಡಿದ. ಅವರ ಮುಖ ಬೂದಿಯಾಗಿತ್ತು. ಆ ಮುಖವೇ ಎಲ್ಲ ಹೇಳಿತು.

"ಸಾಹೇಬ್ರ, ಕೇಳಾಕತ್ತೈತೇನ್ರಿ?" ಎಂದಿತು ಸೆಟ್ಟು. "ಸಬ್ ಠೀ..."

ದುಂಡಪ್ಪ ತಂತಿ ಕಿತ್ತೆಸೆದ.

ಜೀಪು ಗಣಿಗೆ ಹೋಯಿತು. ಮೇಲಿನ ಚಾಚುಬಂಡೆ ಮನೆಯಷ್ಟು ಅಗಲಕ್ಕೆ ಕುಸಿದು ಕೆಳಗಿನ ಕಾಲುದಾರಿಯ ಮೇಲೆ ಬಿದ್ದಿತ್ತು. ಭೀಮಸಿ, ತಿರುಮಲೇಶ ಇಬ್ಬರೂ ಅದರ ಅಡಿಗೆ. ಅವರಿಗೆ ಏನಾಯಿತೆಂದು ಗೊತ್ತಾಗಲೂ ಹೊತ್ತು ಸಿಕ್ಕಿರಲಿಲ್ಲ. ಶಿವಪುತ್ರ ಅಂಚಿನಲ್ಲಿದ್ದ. ಎದೆಯವರೆಗೆ ಕಲ್ಲು. ಹೆಲ್ಮೆಟ್ಟು ಜಜ್ಜಿಹೋಗಿತ್ತು. ದವಡೆ ಒಡೆದು, ಬಾಯಿಯ ಮುಂದಿನ ಮೈಕು ಅದರೊಳಗೇ ಹುದುಗಿಹೋಗಿತ್ತು. ಬಲಗಿವಿಯ ಕೇಳುಗುಂಡಿ ಮಾತ್ರ ಹಾಗೇ ಇತ್ತು. ಬಲಗೈಯೂ ಹೊರಗಿತ್ತು. ಆ ಕೈಯಲ್ಲಿ ಮುಷ್ಟಿಯಷ್ಟು ದೊಡ್ಡ ಒಂದು ಕಲ್ಲು.

ದುಂಡಪ್ಪ ಮೊಣಕಾಲೂರಿ ಅವನ ಮಗ್ಗುಲಲ್ಲಿ ಕೂತ. ಮೈ ಮುಟ್ಟಿದ. ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಆಮೇಲೆ ಅವನ ಕಣ್ಣು ಪಕ್ಕದಲ್ಲಿ ಬಿದ್ದ ಸೆಟ್ಟಿನ ಕಡೆ ಹೋಯಿತು. ಹಸಿರು ಬಣ್ಣದ ಆ ಡಬ್ಬಿಯ ಒಂದು ಮಗ್ಗುಲು ಪೂರ್ತಿ ಬೆಳ್ಳಗಾಗಿತ್ತು. ಬಣ್ಣ ಎದ್ದು, ಲೋಹ ತಗ್ಗು ತಗ್ಗಾಗಿ, ಕಲ್ಲಿನ ಪುಡಿ ಮೆತ್ತಿಕೊಂಡಿತ್ತು. ಒಂದೆರಡು ಏಟಿಗೆ ಹಾಗೆ ಆಗುವುದಿಲ್ಲ. ನೂರಾರು ಸಲ ಬಡಿದರೆ ಆಗುತ್ತದೆ.

"ಎರಡೂವರೆ ಸುಮಾರಿಗೆ ಪ್ರಾಣ ಹೋಗಿದೆ," ಎಂದ ಸೈನ್ಯದ ವೈದ್ಯ. "ಗಾಯ ನೋಡಿದರೆ, ಬಂಡೆ ಬಿದ್ದ ಮೇಲೂ ಮೂರು ಗಂಟೆಗಿಂತ ಹೆಚ್ಚು ಜೀವ ಇತ್ತು. ಹನ್ನೆರಡರೊಳಗೆ ಗೊತ್ತಾಗಿದ್ದಿದ್ದರೆ..." ದುಂಡಪ್ಪನ ಮುಖ ನೋಡಿ ಅವನು ಮಾತು ನಿಲ್ಲಿಸಿದ.

ಮಾರನೆಯ ದಿನ ಬೆಳಿಗ್ಗೆ ದುಂಡಪ್ಪ ರೇಣುಕಾರಾಧ್ಯರ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. "ಯಾರ ಮಾತಾಡಿದ್ರು? ನನ್ನ ಮಗಳ ಜೋಡಿ ಯಾರ ಮಾತಾಡಿದ್ರು?"

ರೇಣುಕಾರಾಧ್ಯರು ಬಿಡಿಸಿಕೊಳ್ಳಲಿಲ್ಲ. "ಮೊದಲು ಒಂದು ಮಿತಿ ಇಟ್ಟಿದ್ವಿ ಸರ್. ಎರಡು ಸೆಕೆಂಡಿಗಿಂತ ಹೆಚ್ಚು ತುಂಬಬಾರದು ಅಂತ. ಆದರೆ ಪರೀಕ್ಷೆಗೆ ಮೇಲಿಂದ ಬಂದ ಷರತ್ತು ಒಂದೇ. ಸಂಪರ್ಕ ಯಾವ ಸಂದರ್ಭದಲ್ಲೂ ಕಡೀಬಾರದು. ಅಂಕ ಕೊಡ್ತಿದ್ದಿದ್ದೂ ಅದಕ್ಕೇ. ಮಿತೀನ ಇಪ್ಪತ್ತು ಸೆಕೆಂಡಿಗೆ ಏರಿಸಿದ್ವಿ, ಅಂಕ ಏರ್ತು. ಎರಡು ನಿಮಿಷ ಮಾಡಿದ್ವಿ, ಇನ್ನೂ ಏರ್ತು. ಆಮೇಲೆ ಮಿತಿ ಯಾಕೆ ಅಂತ ತೆಗೆದೇಬಿಟ್ವಿ. ದಾರೀಲಿ ಮಾತು ಕಳೆದುಹೋಯ್ತೋ, ಮಾತಾಡೋನೇ ಮಾತಾಡ್ಲಿಲ್ವೋ, ಇವೆರಡೂ ಅದಕ್ಕೆ ಒಂದೇ ಸರ್. ಖಾಲಿ ಕಂಡ್ರೆ ತುಂಬುತ್ತೆ. ಹೆಲ್ಮೆಟ್ಟಿನ ಜೊತೆ ಜಾಗ ತಿಳಿಸೋ ಭಾಗಾನೂ ಒಡೆದುಹೋಗಿತ್ತು. ಅದಕ್ಕೇ ಚುಕ್ಕೇನೂ ತಾನೇ ನಡೆಸ್ತು."

"ಏಳು ಮಂದಿ ಇದ್ರಲ್ಲೋ ಕೋಣ್ಯಾಗ! ಒಬ್ಬರಿಗೂ ತಿಳೀಲಿಲ್ಲ?"

"ತಿಳಿಯೋಕೆ ಅಂತಲೇ ಒಂದು ದೀಪ ಇತ್ತು ಸರ್." ರೇಣುಕಾರಾಧ್ಯರು ಕಂಕುಳಲ್ಲಿದ್ದ ಕಡತದಿಂದ ಒಂದು ಹಾಳೆ ಎಳೆದು ಮುಂದೆ ಹಿಡಿದರು. ಬೈಯುವ ದನಿ ಅಲ್ಲ. ಅವರ ದನಿ ಸತ್ತೇಹೋಗಿತ್ತು. "ನಿನ್ನೆ ಅದು ಇದ್ದಿದ್ದರೆ ಹನ್ನೊಂದೂ ಹನ್ನೆರಡರಿಂದ ಒಂದೇ ಸಮ ಉರೀತಾ ಇರ್ತಿತ್ತು."

ದಪ್ಪ ಅಕ್ಷರ. ಕಣ್ಣಿಗೆ ಕಿರಿಕಿರಿ. ತೆಗೆಯಿರಿ. ಕೆಳಗೆ ತನ್ನದೇ ಸಹಿ, ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದದ್ದು. ಕೊರಳಪಟ್ಟಿ ಹಿಡಿದಿದ್ದ ಕೈ ತಾನಾಗಿಯೇ ಸಡಿಲವಾಯಿತು. ಗುಂಡಿನ ಸದ್ದಿಗೆ ಬೆಚ್ಚದ ದುಂಡಪ್ಪ ಆ ಒಂದು ಹಾಳೆಯ ಮುಂದೆ ನೆಲದ ಮೇಲೆ ಕೂತುಬಿಟ್ಟ.

ಅಲ್ಲಿಂದಲೇ ಕೇಳಿದ, "ಆ ಬಿಳೀ ಗುರತು? ಸೆಟ್ಟಿನ ಮ್ಯಾಲಿಂದು?"

"ಪರೀಕ್ಷೆ ಸೆಟ್ಟುಗಳಲ್ಲಿ ಮಾತ್ರ ಸೋಸೋ ಮೊದಲಿನ ಹಸಿ ಸದ್ದನ್ನೂ ಇಟ್ಟಿರ್ತೀವಿ," ಎಂದರು ರೇಣುಕಾರಾಧ್ಯರು. "ಠಾಣ್ಯಕ್ಕೆ ಹೋಗೋ ಸೆಟ್ಟಲ್ಲಿ ಅದು ಇರಲ್ಲ. ಜಾಗ ಸಾಲಲ್ಲ." ಅವರು ಗುಂಡಿ ಒತ್ತಿದರು.

ಟಕ್. ಟಕ್. ಟಕ್. ಕಲ್ಲು ಲೋಹಕ್ಕೆ ಬಡಿಯುವ ಸದ್ದು. ಹನ್ನೊಂದೂ ಇಪ್ಪತ್ತಕ್ಕೆ ಶುರುವಾಗಿ ಎರಡೂ ಇಪ್ಪತ್ತೈದರವರೆಗೆ. ಬಾಯಿ ಇಲ್ಲದವನು ಮತ್ತೆ ಹೇಗೆ ಕೂಗಬೇಕು? ಅವನು ಕೂಗಿದ್ದನ್ನು ಅಖಂಡ ಕಸ ಎಂದು ತೆಗೆದು, ಆ ಜಾಗದಲ್ಲಿ ಸಬ್ ಠೀಕ್ ಎಂದು ಬರೆದಿತ್ತು.

ಹನ್ನೊಂದನೆಯ ದಿನಕ್ಕೆ ಕರ್ನಲ್ ಸಾಹೇಬರ ಪತ್ರ ಊರಿಗೆ ಬಂತು. ಬಂಡೆ ಕುಸಿತ ನೈಸರ್ಗಿಕ ಅಪಘಾತ, ಅದಕ್ಕೆ ಯಾರೂ ಹೊಣೆಯಲ್ಲ. ನಾಯಕ್ ಶಿವಪುತ್ರ ಕೊನೆಯ ಉಸಿರಿನವರೆಗೂ ತಪ್ಪದೆ ವರದಿ ಕೊಟ್ಟ ಕರ್ತವ್ಯನಿಷ್ಠೆಗಾಗಿ ಪದಕಕ್ಕೆ ಶಿಫಾರಸು ಆಗಿದೆ. ಅಖಂಡದಲ್ಲಿ ಸಣ್ಣ ತಿದ್ದುಪಡಿಗಳನ್ನು ಆಮೇಲೆ ಮಾಡಬಹುದು. ಲಗತ್ತಿಸಿದ ಫಾರಂಗೆ ಸಹಿ ಮಾಡಿ ಎರಡು ದಿನದಲ್ಲಿ ಕಳಿಸಿ.

ಯಂತ್ರ ಆಡಿದ ಮಾತಿಗೆ ಸತ್ತವನ ಎದೆಗೆ ಪದಕ! ದುಂಡಪ್ಪ ಪತ್ರವನ್ನು ಮುದ್ದೆ ಮಾಡಿ ಅಂಗಳಕ್ಕೆ ಎಸೆದ. ಆಮೇಲೆ ತಾನೇ ಹೋಗಿ ಹೆಕ್ಕಿ ತಂದು, ಫಾರಂ ಅನ್ನು ತೊಡೆಯ ಮೇಲಿಟ್ಟು ಸವರಿ ನೇರ ಮಾಡಿದ. ಅದರಲ್ಲಿ ನಾಲ್ಕನೆಯ ಸಾಲು: ‘ಪರೀಕ್ಷೆಯ ಅವಧಿಯಲ್ಲಿ ಸಂಪರ್ಕ ಕಡಿದ ಸಂದರ್ಭಗಳು.’ ಎದುರಿಗೆ ಮೊದಲೇ ಟೈಪು ಮಾಡಿತ್ತು: ಇಲ್ಲ.

ಅದನ್ನು ಹೊಡೆದುಹಾಕಿ ನಿಜ ಬರೆಯುವುದು ಅವನಿಗೆ ಒಂದು ನಿಮಿಷದ ಕೆಲಸ. ತನ್ನ ಹಳದಿ ದೀಪದ ಫಾರಂ ಎಲ್ಲರೆದುರು ಬರುತ್ತದೆ, ಬರಲಿ. ಕೈ ತಡೆದದ್ದು ಒಳಕೋಣೆಯಿಂದ ಬರುತ್ತಿದ್ದ ದನಿ. ನೋಡಲು ಬಂದ ಹೆಂಗಸರಿಗೆ ದಾನೇಶ್ವರಿ ಹೇಳುತ್ತಿದ್ದಳು: "ಮಾತಾಡ್ಯಾರ ಯಕ್ಕ. ಕೂಸಿನ ಅಳು ಕೇಳ್ಯಾರ. ಹೆಸರ ಅವರು ಇಟ್ಟ ಹೋಗ್ಯಾರ." ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆ ಒಂದು ಮಾತಿನ ಆಧಾರದ ಮೇಲೆ ಅವಳು ಎದ್ದು ಕೂರುತ್ತಿದ್ದಳು, ಗಂಜಿ ಕುಡಿಯುತ್ತಿದ್ದಳು. ಸೂತಕದ ಮನೆಯಲ್ಲಿ ತೊಟ್ಟಿಲ ಶಾಸ್ತ್ರ ನಡೆಯದಿದ್ದರೂ ಓಣಿಯೆಲ್ಲ ಆ ಕೂಸನ್ನು ಮಹಾಲಕ್ಷ್ಮಿ ಎಂದೇ ಕರೆಯುತ್ತಿತ್ತು. ನಿಜ ಬರೆದರೆ ವಿಚಾರಣೆ ಆಗುತ್ತದೆ, ಸುದ್ದಿ ಹಬ್ಬುತ್ತದೆ, ಅವಳ ಕೈಯಲ್ಲಿ ಉಳಿದ ಆ ಒಂದು ಮಾತೂ ಹೋಗುತ್ತದೆ. ಬರೆಯದಿದ್ದರೆ ಎಂಟುನೂರು ಠಾಣ್ಯಗಳಲ್ಲಿ ಎಷ್ಟು ಜನ ಬಾಯಿಲ್ಲದೆ ಕಲ್ಲು ಬಡಿಯುತ್ತಾರೋ.

"ಹೇಳಬ್ಯಾಡ್ರಿ," ಎಂದಳು ಕಸ್ತೂರವ್ವ. ಅವಳೊಬ್ಬಳಿಗೆ ಅವನು ಎಲ್ಲ ಹೇಳಿದ್ದ. "ಹಸೀ ಬಾಣಂತಿ ಐತಿ ಅದು. ಎದಿ ಒಡಕೋತೈತಿ."

"ನಾ ಹೇಳದಿದ್ರ ಪೇಪರನ್ಯಾಗ ಓದತಾಳ."

"ಅಂದ್ರ ಸಹಿ ಮಾಡೂದಿಲ್ಲ ನೀವು?"

ದುಂಡಪ್ಪ ಫಾರಂ ಅನ್ನು ಕಟ್ಟೆಯ ಮೇಲಿಟ್ಟು ಎದ್ದ. ಒಳಗೆ ಹೋದ. ಬಂದ ಹೆಂಗಸರು ಎದ್ದು ಹೋಗುವವರೆಗೂ ಬಾಗಿಲಲ್ಲೇ ನಿಂತ. ದಾನೇಶ್ವರಿ ಕೂಸಿಗೆ ಬೆಚ್ಚನೆಯ ಬಟ್ಟೆ ಸುತ್ತುತ್ತಿದ್ದಳು. ಸುತ್ತಿಬಳಸಿ ಮಾತಾಡುವುದು ಅವನಿಗೆ ಎಂದೂ ಬರುತ್ತಿರಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. ಬಂಡೆ ಬಿದ್ದ ಹೊತ್ತು, ಯಂತ್ರದ ಮಾತು, ಹಳದಿ ದೀಪ, ತನ್ನ ಸಹಿ.

ದಾನೇಶ್ವರಿ ಅಳಲಿಲ್ಲ. ಅವಳ ಕೈ ಬಟ್ಟೆಯ ಗಂಟಿನ ಮೇಲೆ ಹಾಗೇ ನಿಂತಿತು. ತಂದೆಯ ಮುಖವನ್ನು, ಪರಭಾಷೆಯವರನ್ನು ನೋಡುವಂತೆ ನೋಡಿದಳು.

"ಹಂಗಾದ್ರ ಆ ಹೆಸರು?" ಎಂದಳು ಕೊನೆಗೆ.

"ಯಂತ್ರ ಇಟ್ಟದ್ದವ್ವಾ. ಹೆಣ್ಣ ಹುಟ್ಟಿದ್ರ ಎಲ್ಲಾರೂ ಏನ ಅಂತಾರೋ ಅದನ್ನ ಅಂದೈತಿ."

"ನನಗ ಅವತ್ತ ಸಿಟ್ಟ ಬಂದಿತ್ತಪ್ಪಾ." ಅವಳ ದನಿ ತೀರ ಸಣ್ಣದಾಗಿತ್ತು. "ಗಂಡಾದ್ರ ಹೆಸರ ಅವರು ಇಡೂದು, ಹೆಣ್ಣಾದ್ರ ನಾ ಇಡೂದು. ಹಂಗಂತ ನಾವಿಬ್ಬರ ಮಾತಾಡ್ಕೊಂಡಿದ್ವಿ. ಯಾರ ಮುಂದೂ ಹೇಳಿದ್ದಿಲ್ಲ. ಚ್ಯಾಷ್ಟಿ ಮಾಡಾಕ ಹೆಸರ ಕೇಳಿದ್ನಿ ನಾ. ‘ನಂದೇನೈತಿ, ನಿಂದ ಪಾಳಿ’ ಅಂತಾರ ಅಂದಕೊಂಡಿದ್ನಿ. ಅವರು ಥಟ್ಟನ ಹೆಸರ ಹೇಳಿಬಿಟ್ರು. ಕೊಟ್ಟ ಮಾತ ಮರತ್ರಲ್ಲಾ ಅಂತ ಮನಸಿನ್ಯಾಗ ಬೈದ್ನಿ. ಸಾಯೂ ಹೊತ್ತಿನ್ಯಾಗ ಅವರನ್ನ ಬೈದ್ನೆಲ್ಲಾ ಅಂತ ಹನ್ನೊಂದ ದಿನಾ ಸತ್ತೀನಿ." ಅವಳು ಉಸಿರು ಎಳೆದುಕೊಂಡಳು. "ಅಂದ್ರ ಅವರು ಮರತಿದ್ದಿಲ್ಲ."

"ಇಲ್ಲವ್ವಾ."

"ನಾ ಮಾತಾಡಿದ್ದು ಅವರಿಗೆ ಕೇಳಿಸ್ತೇನು?"

ದುಂಡಪ್ಪ ಈ ಪ್ರಶ್ನೆಗೇ ಹೆದರಿದ್ದ. ಹೌದು ಎಂದು ತಲೆಯಾಡಿಸಿದ. ಕೇಳುಗುಂಡಿ ಕಿವಿಯಲ್ಲಿತ್ತು. ಇಲ್ಲಿಂದ ಆಡಿದ ಪ್ರತಿಯೊಂದು ಮಾತೂ ಅಲ್ಲಿಗೆ ಮುಟ್ಟಿತ್ತು.

"ಇದರಾಗ ಐತಿ," ಎಂದು ಅಂಗಿಯ ಕಿಸೆಯಿಂದ ಬೆರಳುದ್ದದ ಸಾಧನ ತೆಗೆದ. ರೇಣುಕಾರಾಧ್ಯರು ಬೀಳ್ಕೊಡುವಾಗ ಏನೂ ಮಾತಾಡದೆ ಅವನ ಅಂಗೈಯಲ್ಲಿ ಇಟ್ಟು ಹೋದದ್ದು ಅದು. "ಸೋಸೂಕಿಂತ ಮೊದಲಿನ ಸದ್ದು. ಕೇಳಬೇಕಂತ ಏನೂ ಇಲ್ಲವ್ವಾ."

"ಹಚ್ಚು."

ಮೊದಲು ಅವಳದೇ ದಣಿದ ದನಿ. ಕೇಳಾಕತ್ತೈತೇನ್ರಿ? ಅದರ ಹಿಂದೆ ಯಾವ ಮಾತೂ ಇಲ್ಲ. ಟಕ್, ಟಕ್. ಮತ್ತೆ ಅವಳು: ಕೂಸಿನ ಮೂಗ ನಿಮ್ಮದ ಬಂದೈತಿ. ಅವಳು ಮಾತಾಡುವಾಗ ಬಡಿತ ನಿಂತಿರುತ್ತಿತ್ತು. ಅವಳು ನಿಲ್ಲಿಸಿದಾಗ ಬರುತ್ತಿತ್ತು. ಟಕ್, ಟಕ್. ಕಸ್ತೂರವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೂಸಿನ ಅಳು ಶುರುವಾಯಿತು. ಆಗ ಬಡಿತ ಕಾಯಲಿಲ್ಲ. ಆ ಅಳುವಿನ ಮೇಲೆಯೇ, ಒಂದರ ಹಿಂದೆ ಒಂದು, ಉಸಿರು ಬಿಡದಂತೆ, ಟಕ್ ಟಕ್ ಟಕ್ ಟಕ್ ಟಕ್. ಅಷ್ಟು ಜೋರಾಗಿ ಅವನು ಅದಕ್ಕಿಂತ ಮೊದಲೂ ಬಡಿದಿರಲಿಲ್ಲ, ಆಮೇಲೂ ಬಡಿಯಲಿಲ್ಲ.

ಹೆಸರ ಏನ ಇಡೂಣ್ರಿ? ಎಂದಿತು ಸಾಧನದೊಳಗಿನ ಅವಳ ದನಿ.

ಅಲ್ಲಿ ಏನೂ ಇರಲಿಲ್ಲ. ಅಖಂಡ ಮಹಾಲಕ್ಷ್ಮಿ ಎಂದು ತುಂಬಿದ ಆ ಜಾಗದಲ್ಲಿ ಅವನು ಕೈ ಎತ್ತಿರಲಿಲ್ಲ. ಸುಮ್ಮನಿದ್ದ.

ದಾನೇಶ್ವರಿ ಸಾಧನವನ್ನು ನಿಲ್ಲಿಸಿದಳು. ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು, "ನನಗ ಬಿಟ್ರಪ್ಪಾ," ಎಂದಳು. "ನನ್ನ ಪಾಳಿ ನನಗ ಬಿಟ್ರು." ಅಷ್ಟು ಹೇಳಿದ ಮೇಲೆ ಹನ್ನೊಂದು ದಿನದ ಅಳು ಬಂತು.

ದುಂಡಪ್ಪ ಕಟ್ಟೆಗೆ ಬಂದು ಫಾರಂ ತೆಗೆದುಕೊಂಡ. ಪೆನ್ನಿನ ಮುಚ್ಚಳ ತೆಗೆದ. ಒಳಗಿನಿಂದ ಮಗಳು ಅಳುವಿನ ನಡುವೆಯೇ ಕೂಗಿದಳು, "ಅಪ್ಪಾ, ಆ ದೀಪದ್ದೂ ಬರಿ. ಬಿಡಬ್ಯಾಡ."

"ಬರೀತೀನವ್ವಾ."

ನಾಲ್ಕನೆಯ ಸಾಲಿನಲ್ಲಿ ‘ಇಲ್ಲ’ ಎನ್ನುವುದನ್ನು ಕಾಗದ ಹರಿಯುವಂತೆ ಹೊಡೆದುಹಾಕಿದ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದ: ‘ಒಂದು. ಬೆಳಿಗ್ಗೆ 11.12ರಿಂದ. ಕೊನೆಯವರೆಗೆ. ನಾವು ಏಳು ಜನ ಇದ್ದೆವು. ಚಪ್ಪಾಳೆ ತಟ್ಟಿದೆವು.’